ಕಿಟ್ಟಯ್ಯನ ಕಲ್ಲು, ಬಸ್ರಾದ ಗೋಡೆ

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆಂದು ನೆಲ ಅಗೆದಾಗ ಒಂದು ವೀರಗಲ್ಲು ಹೊರಬಂತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಅದರ ಮೇಲಿರುವುದು ನಾಲ್ಕಾರು ಸಾಲಿನ ಬರಹ ಅಷ್ಟೆ. ಊರಳಿವಿನಲ್ಲಿ, ಅಂದರೆ ಊರಿನ ಮೇಲೆ ಬಿದ್ದ ದಾಳಿಯಲ್ಲಿ, ಕಾದಾಡಿ ಸತ್ತವನು ಕಿಟ್ಟಯ್ಯ ಎಂದು ಆ ಸಾಲುಗಳು ಹೇಳುತ್ತವೆ. ಆಗ ಆಳುತ್ತಿದ್ದ ಅರಸ ಯಾರು, ಆ ಸೀಮೆಗೆ ಏನು ಹೆಸರು, ಕಿಟ್ಟಯ್ಯ ಯಾರ ಕಡೆಯವನು ಎಂಬುದನ್ನೂ ಅಷ್ಟರಲ್ಲೇ ಸೇರಿಸಿವೆ. ಬಡಾವಣೆಯ ಜನ ಸೇರಿ ಆ ಕಲ್ಲಿಗೆ ಒಂದು ಮಂಟಪ ಕಟ್ಟಿಸಿದರು. ಹನ್ನೆರಡೂವರೆ ಶತಮಾನ ಮಣ್ಣಿನಲ್ಲಿ ಮಲಗಿದ್ದ ಹೆಸರು ಹೀಗೆ ಮತ್ತೆ ಬೆಳಕು ಕಂಡಿತು. ಇನ್ನೊಂದು ಸ್ಮಾರಕ ಇರಾಕಿನ ಬಸ್ರಾದಲ್ಲಿ 1929ರಲ್ಲಿ ಎದ್ದು ನಿಂತದ್ದು. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯದ ಮರಳಿನಲ್ಲಿ ಸತ್ತು, ಸಮಾಧಿಯೂ ಸಿಗದೇ ಹೋದ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಅದು ಮೀಸಲು. ಅಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಭಾರತೀಯ ಸಿಪಾಯಿಗಳ ಸರದಿ ಬಂದಾಗ ಮಾತ್ರ ಪಡೆಯ ಹೆಸರು ಬರೆದು, ಅದರ ಕೆಳಗೆ ಒಂದು ಸಂಖ್ಯೆ ಹಾಕಿ ಮುಗಿಸಿದರು.

ಎಂಟನೇ ಶತಮಾನದ ಒಂದು ಹಳ್ಳಿಗೆ ಸಾಧ್ಯವಾದದ್ದು ಇಪ್ಪತ್ತನೇ ಶತಮಾನದ ಒಂದು ಸಾಮ್ರಾಜ್ಯಕ್ಕೆ ಏಕೆ ಸಾಧ್ಯವಾಗಲಿಲ್ಲ? ಸಾಧ್ಯವಿಲ್ಲದ ಕೆಲಸವೇನೂ ಆಗಿರಲಿಲ್ಲ, ಹೆಸರುಗಳೆಲ್ಲ ಕಡತದಲ್ಲಿದ್ದವು. ಬೇಡವೆನಿಸಿತು, ಅಷ್ಟೆ. ಸತ್ತ ಯೋಧನನ್ನು ಗೌರವಿಸುವುದೆಂದರೆ ಅವನ ವಿವರವನ್ನು ಕಾಪಾಡುವುದು ಎಂಬುದು ಈ ಬರಹದ ವಾದ. ಯಾರು, ಎಲ್ಲಿಯವನು, ಯಾವ ಕಾಳಗದಲ್ಲಿ, ಯಾವ ಕಾರಣಕ್ಕೆ ಸತ್ತ, ಅವನ ಹಿಂದೆ ಉಳಿದವರನ್ನು ಯಾರು ನೋಡಿಕೊಂಡರು ಎನ್ನುವುದು ಇಲ್ಲದ ಕಡೆ ಹೂಮಾಲೆ, ಮೌನಾಚರಣೆ, ಘೋಷಣೆಗಳು ಎಷ್ಟೇ ಇದ್ದರೂ ನೆನಪು ಇರುವುದಿಲ್ಲ. ನಾವು ಇಂದು ಘೋಷಣೆಯ ಕಡೆಗೆ ಹೆಚ್ಚು ವಾಲಿದ್ದೇವೆ, ವಿವರದ ಕಡೆಗೆ ಕಡಿಮೆ. ಕನ್ನಡ ನಾಡಿನಲ್ಲಿ ಕುಳಿತು ಇದನ್ನು ಹೇಳುವಾಗ ಸಂಕಟ ಇನ್ನೂ ಹೆಚ್ಚು. ವಿವರದ ನೆನಪನ್ನು ಕಲ್ಲಿನಲ್ಲಿ ಬಿಡಿಸುವುದನ್ನು ನಮ್ಮ ಹಿರಿಯರು ಒಂದು ಪದ್ಧತಿಯಾಗಿಯೇ ಬೆಳೆಸಿದ್ದರು.

ಕನ್ನಡದ ಬರಹದ ಮೊದಲ ದಾಖಲೆಗಳಲ್ಲೇ ಯೋಧ ಇದ್ದಾನೆ. ಬಹುಕಾಲ ಕನ್ನಡದ ಅತಿ ಹಳೆಯ ಶಾಸನವೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಹಲ್ಮಿಡಿ ಶಾಸನ, ಸುಮಾರು 450ರದ್ದು, ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಬಾಳ್ಗಳ್ಚು ಕೊಟ್ಟ ದಾಖಲೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ರಕ್ತ ಅಂಟಿದ ಕತ್ತಿಯನ್ನು ತೊಳೆಯುವ ವಿಧಿಯ ಹೆಸರಿನಲ್ಲಿ ಭೂಮಿ ಕೊಡುವುದು ಆ ಪದದೊಳಗೇ ಇದೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಮಾತಿತ್ತು. ಅಂಥ ಭೂಮಿಗೆ ಕಲ್ನಾಡು ಎಂಬ ಇನ್ನೊಂದು ಮಾತೂ ಇತ್ತು. ಯಾವ ಬಗೆಯ ಕಾಳಗದಲ್ಲಿ ಸತ್ತ ಎಂಬುದಕ್ಕೂ ಬೇರೆ ಬೇರೆ ಪದಗಳು: ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತರೆ ತುರುಗೊಳ್, ಹೆಂಗಸರ ಮೇಲೆ ಕೈಮಾಡಿದವರನ್ನು ಎದುರಿಸಿ ಸತ್ತರೆ ಪೆಣ್ಬುಯ್ಯಲ್, ಊರಿನ ಮೇಲೆ ದಾಳಿಯಾದಾಗ ಸತ್ತರೆ ಊರಳಿವು. ಸಾವಿನ ಕಾರಣವನ್ನು ಇಷ್ಟು ಬಿಡಿಸಿ ಹೇಳಲು ಪದಗಳನ್ನು ಕಟ್ಟಿಕೊಂಡ ಸಮಾಜಕ್ಕೆ 'ವೀರಮರಣ' ಎಂಬ ಒಂದೇ ಮಾತು ಸಾಕಾಗಿರಲಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಈ ಪದ್ಧತಿ ಎಷ್ಟು ದೂರ ಹೋಗಿತ್ತೆಂಬುದಕ್ಕೆ ಸಾಕ್ಷಿ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ನಡೆದು ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ರಾಷ್ಟ್ರಕೂಟರ ಕಡೆ ಕಾದಿದ ಗಂಗ ಬೂತುಗನ ಬಂಟ ಮಣಲರ. ಅವನ ಶೌರ್ಯ ಮೆಚ್ಚಿ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯ ಮೇಲೆ ಬಿದ್ದು ಹೋರಾಡಿ, ಹಂದಿಯೊಂದಿಗೇ ಸತ್ತಿತು. ಅದಕ್ಕೊಂದು ಕಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅಲ್ಲಿನ ಗೊರವನಿಗೆ, ಅಂದರೆ ಪೂಜಾರಿಗೆ, ತಟ್ಟುತ್ತದೆ ಎಂಬ ಕಟ್ಟಳೆಯನ್ನೂ ಬರೆಸಿದರು. ಒಂದು ಮಹಾಯುದ್ಧದ ರಾಜಕೀಯ, ಒಬ್ಬ ಬಂಟನ ಪರಾಕ್ರಮ, ಒಂದು ನಾಯಿಯ ಸಾವು ಒಂದೇ ಕಲ್ಲಿನಲ್ಲಿವೆ. ನಾಯಿಯ ಹೆಸರೂ ಇದೆ, ನೆನಪನ್ನು ದಿನದಿನ ಮಾಡಬೇಕಾದವನು ಯಾರು ಎಂಬುದೂ ಇದೆ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲೊಂದು ಗಂಭೀರ ಆಕ್ಷೇಪ ಏಳುತ್ತದೆ. ವೀರಗಲ್ಲನ್ನು ಮಾದರಿ ಎನ್ನುವುದು ಎಷ್ಟು ಸರಿ? ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ದೇವರ ಸನ್ನಿಧಿ. ಸತ್ತರೆ ಸ್ವರ್ಗ, ಸುರಾಂಗನೆಯರು ಎಂಬ ಆಸೆ ತೋರಿಸಿ ಹುಡುಗರನ್ನು ಕಾಳಗಕ್ಕೆ ತಳ್ಳುವ ಚಿತ್ರವಲ್ಲವೇ ಅದು? ಕಲ್ಲು ನೆಡಿಸುವ ಶಕ್ತಿಯಿಲ್ಲದವರ ಮಕ್ಕಳೂ ಸತ್ತಿರಬೇಕು, ಅವರಿಗೆ ಏನು ಉಳಿಯಿತು? ಗಂಡ ಸತ್ತಾಗ ಬೆಂಕಿಗೆ ಹೋದ ಹೆಂಗಸಿನ ಮಾಸ್ತಿಕಲ್ಲು ಎಷ್ಟೋ ಕಡೆ ವೀರಗಲ್ಲಿನ ಪಕ್ಕದಲ್ಲೇ ನಿಂತಿದೆ, ಅದಕ್ಕೇನು ಹೇಳುವುದು? ಇವಾವುದಕ್ಕೂ ಸಬೂಬು ಹೇಳಬೇಕಾಗಿಲ್ಲ. ಎಲ್ಲವೂ ನಿಜ. ಸ್ವರ್ಗದ ಪಟ್ಟಿಕೆಯನ್ನು ನಾವು ತೆಗೆದುಕೊಳ್ಳಬೇಕಾಗಿಲ್ಲ, ಮಾಸ್ತಿಯ ಕಲ್ಲನ್ನಂತೂ ಹೊಗಳುವ ಹಾಗೇ ಇಲ್ಲ. ಆದರೆ ಕೆಳಗಿನ ಪಟ್ಟಿಕೆಯೂ ಅದರ ಬರಹವೂ ನಮಗೆ ಬೇಕು. ಆ ಹೆಂಗಸರಿಗೆ ಏನಾಯಿತೆಂದು ಇಂದು ನಾವು ಪ್ರಶ್ನಿಸಲು ಆಧಾರ ಕೊಟ್ಟದ್ದೂ ಆ ಕಲ್ಲುಗಳೇ. ದಾಖಲೆ ಇದ್ದುದರಿಂದಲೇ ಆ ಕಾಲದ ತಪ್ಪು ನಮ್ಮ ಕಣ್ಣಿಗೆ ಬೀಳುತ್ತಿದೆ. ಹೊಗಳಿಕೆ ಮಾತ್ರ ಉಳಿದಿದ್ದರೆ ಅದೂ ಕಾಣುತ್ತಿರಲಿಲ್ಲ.

ಹೆಸರು ಕೆತ್ತುವ ತತ್ವವನ್ನು ಆಧುನಿಕ ಯುರೋಪು ತಡವಾಗಿ ಕಂಡುಕೊಂಡಿತು. 1917ರಲ್ಲಿ ಫೇಬಿಯನ್ ವೇರ್ ಅವರ ದುಡಿಮೆಯಿಂದ ಹುಟ್ಟಿದ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಒಂದು ಘನವಾದ ನಿಯಮ ಹಾಕಿಕೊಂಡಿತು. ಸತ್ತ ಪ್ರತಿಯೊಬ್ಬನ ಹೆಸರೂ ಸಮಾಧಿಯ ಮೇಲೋ ಸ್ಮಾರಕದ ಮೇಲೋ ಇರಬೇಕು, ಹುದ್ದೆ, ಜನಾಂಗ, ಧರ್ಮದ ಭೇದ ಕೂಡದು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ 1927ರಲ್ಲಿ ತೆರೆದ ಭಾರತೀಯ ಸ್ಮಾರಕದಲ್ಲಿ ಆ ನಿಯಮವನ್ನು ಪಾಲಿಸಿದರು. 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಅಲ್ಲಿವೆ. ಯುರೋಪಿನ ಜನರ ಕಣ್ಣಳತೆ ದಾಟಿದ ಮೇಲೆ ನಿಯಮ ಸಡಿಲವಾಯಿತು. ಆ ಕಮಿಷನ್ನಿನ ಉತ್ತರಾಧಿಕಾರಿ ಸಂಸ್ಥೆಯೇ 2021ರಲ್ಲಿ ಒಂದು ತನಿಖಾ ವರದಿ ಪ್ರಕಟಿಸಿ ತಪ್ಪೊಪ್ಪಿಕೊಂಡಿತು. ಭಾರತ, ಆಫ್ರಿಕಾ, ಈಜಿಪ್ಟಿನವರೇ ಹೆಚ್ಚಾಗಿದ್ದ 45,000ದಿಂದ 54,000 ಜನರ ಸ್ಮರಣೆಯಲ್ಲಿ ಭೇದವಾಗಿದೆ ಎಂದಿತು. ಹೆಸರಿನಿಂದ ಸ್ಮರಿಸದೆ ಅಥವಾ ಸ್ಮರಿಸಲೇ ಇಲ್ಲದೆ ಬಿಟ್ಟವರು ಕಡಿಮೆಯೆಂದರೂ 1,16,000, ಬಹುಶಃ 3,50,000ದವರೆಗೆ ಎಂದು ಅಂದಾಜು ಮಾಡಿತು. ಅದಕ್ಕೆ ಕಾರಣವಾದ ಮನೋಭಾವ ಅಂದಿನ ಕಾಗದಪತ್ರಗಳಲ್ಲೇ ಇದೆ. ಆಫ್ರಿಕಾದ ಹಳ್ಳಿಗನಿಗೆ ಸಮಾಧಿಕಲ್ಲಿನ ಅರ್ಥವೇ ತಿಳಿಯುವುದಿಲ್ಲ ಎಂದು ಅಲ್ಲಿನ ಗವರ್ನರ್ ಒಬ್ಬರು ಹೇಳಿದ್ದರು. ಮೆಸೊಪೊಟೇಮಿಯದ ಸಿಪಾಯಿಯನ್ನು ಸಂಖ್ಯೆಯಾಗಿಸಿದ ಕಣ್ಣೂ ಇದಕ್ಕಿಂತ ತೀರ ಬೇರೆಯದಲ್ಲ. ಬಸ್ರಾದ ಗೋಡೆಯ ಮೇಲೆ ಹೆಸರು ಬೇಡವೆಂದು ಕಾಗದ ಬರೆಯುತ್ತಿದ್ದ ವರ್ಷಗಳಲ್ಲಿ, ಸಾವಿರ ವರ್ಷ ಹಿಂದೆ ಸತ್ತವರ ಹೆಸರು ಹೊತ್ತ ಕಲ್ಲುಗಳು ಕನ್ನಡ ನಾಡಿನ ಹೊಲದ ಬದುಗಳ ಮೇಲೆ ನಿಂತೇ ಇದ್ದವು. ಬಿ.ಎಲ್. ರೈಸ್ ಅವನ್ನು 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ಅಚ್ಚು ಹಾಕಿಸಿಯೂ ಆಗಿತ್ತು.

ಬಸ್ರಾ ನಮಗೆ ದೂರದ ಊರಲ್ಲ. ಮೆಸೊಪೊಟೇಮಿಯದ ರಣರಂಗದಲ್ಲಿ, ಕುತ್‌ನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಪಡೆಗಳಲ್ಲಿ, ಮರಾಠಾ ಬೆಟಾಲಿಯನ್ನುಗಳಿದ್ದವು. ಆ ರೆಜಿಮೆಂಟಿನ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಬೆಂಗಳೂರಿನ ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಗೆ ಕೂಡುವಲ್ಲಿ ಮದ್ರಾಸು ಪಯನಿಯರ್ ಪಡೆಗಳ ಸ್ಮಾರಕಸ್ತಂಭ ನಿಂತಿದೆ. ಸಂಜೆಯ ಜನಜಂಗುಳಿ ಅದನ್ನು ಬಳಸಿಕೊಂಡು ಸಾಗುತ್ತದೆ, ಆ ಕಲ್ಲು ಏಕಿದೆ ಎಂದು ಬಲ್ಲವರು ಕಡಿಮೆ. ದೆಹಲಿಯ ಇಂಡಿಯಾ ಗೇಟ್ ಸುಮಾರು 70,000 ಭಾರತೀಯ ಸೈನಿಕರ ನೆನಪಿಗೆಂದು ಕಟ್ಟಿದ್ದು, ಅದರ ಗೋಡೆಗಳ ಮೇಲಿರುವ ಹೆಸರುಗಳು ಹದಿಮೂರು ಸಾವಿರದ ಆಸುಪಾಸು.

'ಅವರೆಲ್ಲ ಬ್ರಿಟಿಷರಿಗಾಗಿ ಹೋರಾಡಿದವರು, ನಮಗೇಕೆ ಆ ನೆನಪು' ಎನ್ನುವವರಿದ್ದಾರೆ. ಸ್ವಾತಂತ್ರ್ಯಾನಂತರ ಈ ಮಾತು ಒಂದು ಬಗೆಯ ಅಧಿಕೃತ ಮೌನವಾಗಿಯೇ ಬೆಳೆಯಿತು. ಮೈಸೂರು ಲ್ಯಾನ್ಸರ್ಸ್‌ನ ಕತೆಯನ್ನು ಮುಂದಿಟ್ಟುಕೊಂಡೇ ಇದನ್ನು ಪರೀಕ್ಷಿಸೋಣ. ಮೈಸೂರು ಸಂಸ್ಥಾನದ ಆ ಕುದುರೆ ಪಡೆ 1914ರಲ್ಲಿ ಹಡಗು ಹತ್ತಿತು, ಸೂಯೆಜ್ ಕಾಲುವೆಯ ಕಾವಲಿನಿಂದ ಪ್ಯಾಲೆಸ್ಟೈನ್‌ವರೆಗೆ ನಾಲ್ಕು ವರ್ಷ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ಹಿಡಿಯಬೇಕಿತ್ತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು, ಎದುರಿಗೆ ಮೆಷಿನ್ ಗನ್ನುಗಳು. ಮೈಸೂರಿನ ಸವಾರರಿಗೆ ಬೆಟ್ಟ ಹತ್ತಿ ಮೇಲಿನ ತೋಪುಗಳನ್ನು ಕಸಿಯುವ ಕೆಲಸ, ಜೊತೆಗಿದ್ದ ಜೋಧಪುರದ ಲ್ಯಾನ್ಸರ್‌ಗಳಿಗೆ ಊರಿನ ಕಡೆಗೆ ನೇರ ದಾಳಿ. ನದಿ ದಾಟಲಾಗದೆ ಜೋಧಪುರದ ಕುದುರೆಗಳು ಗುಂಡಿನ ಸುರಿಮಳೆಯಲ್ಲೇ ದಿಕ್ಕು ಬದಲಿಸಿ ಮೆಷಿನ್ ಗನ್ನುಗಳ ಮೇಲೆ ನುಗ್ಗಿದವು, ಮುಂದಾಳು ಮೇಜರ್ ದಲ್ಪತ್ ಸಿಂಗ್ ಸತ್ತರು. ಸಂಜೆಯ ಹೊತ್ತಿಗೆ ಊರು ಕೈಗೆ ಬಂದಿತ್ತು. ಸೆರೆ ಸಿಕ್ಕವರು 1,350, ಕಸಿದುಕೊಂಡ ತೋಪುಗಳು 17. ಸತ್ತ ಸವಾರರು ಎಂಟು ಮಂದಿ, ಕುದುರೆಗಳು 60. ಭರ್ಜಿ ಹಿಡಿದ ಸವಾರರು ಮೆಷಿನ್ ಗನ್ನಿನೆದುರು ಗೆದ್ದ ಕೊನೆಯ ದೊಡ್ಡ ದಾಳಿಗಳಲ್ಲಿ ಇದೂ ಒಂದು. ದೆಹಲಿಯ ವೃತ್ತವೊಂದರಲ್ಲಿ ತೀನ್ ಮೂರ್ತಿ ಸ್ಮಾರಕ ನಿಂತಿರುವುದು ಜೋಧಪುರ, ಮೈಸೂರು, ಹೈದರಾಬಾದಿನ ಲ್ಯಾನ್ಸರ್‌ಗಳಿಗಾಗಿ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಆ ಲ್ಯಾನ್ಸರ್ ಪಡೆಗಳ ವಾರಸುದಾರನಾಗಿ ಈಗ ಜೈಪುರದಲ್ಲಿರುವ 61ನೇ ಕ್ಯಾವಲ್ರಿ ಸೆಪ್ಟೆಂಬರ್ 23ನ್ನು ಪ್ರತಿ ವರ್ಷ ಆಚರಿಸುತ್ತದೆ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವೂ ಇದೆ. ಆದರೂ ಬೆಟ್ಟ ಹತ್ತಿದ ಮೈಸೂರಿನ ಸವಾರರಲ್ಲಿ ಒಬ್ಬನ ಹೆಸರನ್ನಾದರೂ ನಮ್ಮ ಶಾಲೆಯ ಹುಡುಗ ಕೇಳಿರುತ್ತಾನೆಯೇ?

ಅವರು ಸಾಮ್ರಾಜ್ಯದ ಯುದ್ಧದಲ್ಲಿ ಹೋರಾಡಿದರು, ನಿಜ. ತಕ್ಕೋಲದಲ್ಲಿ ಹೋರಾಡಿದ ಮಣಲರನೂ ರಾಷ್ಟ್ರಕೂಟರ ಸಾಮ್ರಾಜ್ಯಕ್ಕಾಗಿಯೇ ಹೋರಾಡಿದ. ಆತಕೂರಿನ ಕಲ್ಲು ಓದುವಾಗ ನಾವೇನೂ ರಾಷ್ಟ್ರಕೂಟರ ಹಕ್ಕುಸಾಧನೆಗೆ ಸಹಿ ಹಾಕುವುದಿಲ್ಲ. ಕಳಿಸಿದವನ ಉದ್ದೇಶ ಬೇರೆ, ಹೋದವನ ಸಾವು ಬೇರೆ. ಅಂದಿನ ಹಳ್ಳಿಯ ಹುಡುಗ ಸಂಬಳಕ್ಕೆ ಹೋದ, ಮನೆತನದ ರೂಢಿಗೆ ಹೋದ, ಕೆಲವು ಪ್ರಾಂತ್ಯಗಳಲ್ಲಿ ಒತ್ತಾಯಕ್ಕೂ ಹೋದ. 1918ರಲ್ಲಿ ಗಾಂಧೀಜಿಯೇ ಖೇಡಾ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಸೈನ್ಯಕ್ಕೆ ಸೇರಿ ಎಂದು ಕೇಳಿದ್ದರು. ಇಷ್ಟು ಗೋಜಲಿನ ಕಾಲವನ್ನು 'ಬ್ರಿಟಿಷರ ಪರ' ಎಂಬ ಎರಡು ಮಾತಿನಲ್ಲಿ ಮುಚ್ಚಿಹಾಕುವುದು ಸತ್ತವನಿಗೆ ಮಾಡುವ ಅನ್ಯಾಯ, ಇತಿಹಾಸಕ್ಕೂ ಅನ್ಯಾಯ. ಮರೆತರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಕೋಟೆಯ ಗೋಡೆಯನ್ನೇ ನೋಡಬಹುದು. 1791ರ ಮಾರ್ಚ್ 21ರಂದು ಬ್ರಿಟಿಷರು ಕೋಟೆಗೆ ನುಗ್ಗಿದ ಬಿರುಕು ಇದೇ ಎಂದು ಸಾರುವ ಫಲಕ ಅಲ್ಲಿದೆ. ಒಳಗೆ ನಿಂತು ಹೋರಾಡಿ ಸತ್ತ ಕಿಲ್ಲೇದಾರ ಬಹದ್ದೂರ್ ಖಾನನ ಹೆಸರನ್ನು ಚರಿತ್ರೆಯ ಪುಸ್ತಕಗಳಾದರೂ ಉಳಿಸಿವೆ. ಅವನೊಡನೆ ಆ ರಾತ್ರಿ ಬಿದ್ದವರ ಹೆಸರುಗಳನ್ನು ಕಲ್ಲೂ ಉಳಿಸಲಿಲ್ಲ, ಪುಸ್ತಕವೂ ಉಳಿಸಲಿಲ್ಲ.

ವಿವರ ಹುಡುಕುವುದು ಎಷ್ಟು ದೊಡ್ಡ ಗೌರವ ಎಂಬುದಕ್ಕೆ ಸ್ವತಂತ್ರ ಭಾರತದ್ದೇ ಒಂದು ಪ್ರಸಂಗವಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದ್ದು. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಮಿಸ್ಟೇರ್ ವಿಮಾನಗಳ ತಂಡ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟಿತು. ದೇವಯ್ಯ ಕಾಯ್ದಿರಿಸಿದ ಪೈಲಟ್ ಆಗಿದ್ದರು, ಒಂದು ವಿಮಾನ ಹಿಂದೆ ಬಿದ್ದಾಗ ಆ ಜಾಗಕ್ಕೆ ಸೇರಿಕೊಂಡರು. ಮರಳಿ ಬರಲಿಲ್ಲ. 'ಕಾಣೆಯಾಗಿದ್ದಾರೆ' ಎಂಬ ಒಂದು ಮಾತಿನ ಕೆಳಗೆ ಅವರ ಕಡತ ವರ್ಷಗಟ್ಟಲೆ ಮುಚ್ಚಿಕೊಂಡಿತ್ತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯಿಂದ ಆ ಯುದ್ಧದ ವೃತ್ತಾಂತ ಬರೆದಾಗ ಕತೆ ಬೇರೆಯಾಗಿ ಕಂಡಿತು. ಆ ದಿನ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್, ಆ ಕಾಲದ ಅತಿ ವೇಗದ ಯುದ್ಧವಿಮಾನಗಳಲ್ಲೊಂದು, ಒಂದು ಮಿಸ್ಟೇರ್‌ನೊಂದಿಗೆ ಕಾದಾಡುತ್ತ ನೆಲಕ್ಕುರುಳಿತ್ತು. ಅದರ ಪೈಲಟ್ ಧುಮುಕಿ ಬದುಕಿಕೊಂಡಿದ್ದ. ಏಟು ತಿಂದ ಮೇಲೂ ಓಡದೆ ತಿರುಗಿಬಿದ್ದ ಆ ಮಿಸ್ಟೇರ್ ದೇವಯ್ಯನವರದೇ ಆಗಿರಬೇಕೆಂದು ಲೆಕ್ಕ ಹಾಕಿ ತಿಳಿದದ್ದು ಆಮೇಲೆ. ಅಂದು ದಾಳಿಯ ಮುಂದಾಳಾಗಿದ್ದ ಅಧಿಕಾರಿ ಪಟ್ಟು ಬಿಡದೆ ಬರೆದರು. 1988ರಲ್ಲಿ, ಸತ್ತ 23 ವರ್ಷಗಳ ಬಳಿಕ, ಮಹಾವೀರ ಚಕ್ರ ಬಂತು. ಅವರ ದೇಹವನ್ನು ಪಾಕಿಸ್ತಾನದ ಹಳ್ಳಿಗರು ತಮ್ಮ ಹೊಲದಲ್ಲಿ ಮಣ್ಣು ಮಾಡಿದ್ದರು ಎಂಬುದೂ ತಿಳಿಯಿತು. ಈ ಪ್ರಸಂಗದಲ್ಲಿ ಗೌರವದ ನಿಜವಾದ ಕೆಲಸ ಮಾಡಿದ್ದು ಸಾಕ್ಷ್ಯ ಹುಡುಕಿದ ಕೆಲವರು. ಅದರಲ್ಲಿ ಒಂದು ಪಾಲು ಎದುರಾಳಿಯ ಕಡೆಯಿಂದ ಬಂದ ವೃತ್ತಾಂತದ್ದು.

ಯುದ್ಧಸ್ಮರಣೆ ಎಂದರೆ ಯುದ್ಧದ ವೈಭವೀಕರಣ ಎಂದು ಹಿಂಜರಿಯುವವರ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಸತ್ತವರ ಹೆಸರು ಹೇಳಿ ಇರುವವರನ್ನು ಸಾವಿಗೆ ಕರೆಯುವುದು ಎಲ್ಲ ಕಾಲದ ಅರಸರೂ ಮಾಡಿದ ಕೆಲಸ. ಅದಕ್ಕೆ ತಡೆ ಮರೆವಿನಿಂದ ಬರುವುದಿಲ್ಲ. ಫ್ರಾನ್ಸಿನ ಕಂದಕಗಳಿಂದ ಭಾರತೀಯ ಸಿಪಾಯಿಗಳು ಊರಿಗೆ ಬರೆಸಿದ ಕಾಗದಗಳ ಭಾಗಗಳು ಸೆನ್ಸಾರ್ ಅಧಿಕಾರಿಗಳ ವರದಿಗಳಲ್ಲಿ ಉಳಿದುಕೊಂಡಿವೆ. ಚಳಿ, ಭಯ, ಸಂಬಳದ ಚಿಂತೆ, ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಎಂಬ ಮನವಿ ಎಲ್ಲವೂ ಅಲ್ಲಿವೆ. ಅವನ್ನು ಓದಿದವರು ಯುದ್ಧವನ್ನು ಮೆರವಣಿಗೆ ಎಂದು ತಿಳಿಯಲಾರರು. ಸಂಖ್ಯೆಯನ್ನು ಭಾಷಣಕ್ಕೆ ಬಳಸುವುದು ಸುಲಭ. ಹೆಸರು, ವಯಸ್ಸು, ಊರು, ಸತ್ತ ರೀತಿ ತಿಳಿದ ಮೇಲೆ ಅದೇ ಮನುಷ್ಯನನ್ನು ಭಾಷಣಕ್ಕೆ ಬಳಸಲು ನಾಲಿಗೆ ತಡೆಯುತ್ತದೆ.

ನೆತ್ತರುಗೊಡಗೆಯ ವಿಷಯದಲ್ಲಿ ನಮ್ಮ ಕಾಲ ಹೇಗಿದೆ? ಪಿಂಚಣಿ ಇದೆ, ಪರಿಹಾರ ಇದೆ, 1949ರಿಂದ ಡಿಸೆಂಬರ್ 7ರ ಧ್ವಜ ದಿನಾಚರಣೆಯ ನಿಧಿ ಇದೆ. ಇವು ದೊಡ್ಡ ಸಾಧನೆಗಳೇ. ಆದರೆ 2017ರ ನವೆಂಬರ್‌ವರೆಗೂ ಒಂದು ನಿಯಮ ಜಾರಿಯಲ್ಲಿತ್ತು. ಶೌರ್ಯ ಪದಕ ಪಡೆದು ಸತ್ತ ಯೋಧನ ಹೆಂಡತಿ ಮರುಮದುವೆಯಾದರೆ ಪದಕದ ಜೊತೆ ಬರುವ ಭತ್ಯೆ ನಿಂತುಹೋಗುತ್ತಿತ್ತು, ಗಂಡನ ಸಹೋದರನನ್ನೇ ಮದುವೆಯಾದರೆ ಮಾತ್ರ ಉಳಿಯುತ್ತಿತ್ತು. ಗಂಡನ ಹೆಸರನ್ನು ಭಾಷಣಗಳಲ್ಲಿ ಮೆರೆಸುತ್ತಿದ್ದ ದೇಶ ಅವನ ಹೆಂಡತಿಯ ಬದುಕಿಗೆ ಇಂಥ ಬೇಲಿ ಹಾಕಿತ್ತು. ಮಾಸ್ತಿಕಲ್ಲನ್ನು ಕಂಡು ಮರುಗುವ ನಾವು ಈ ನಿಯಮದ ಮುಂದೆ ಬಹುಕಾಲ ಸುಮ್ಮನಿದ್ದೆವು. ಹಾಗಾಗಿ ಸ್ಮಾರಕದ ಜೊತೆಗೆ ಪಿಂಚಣಿ ಕಚೇರಿಯ ಕಡತವನ್ನೂ ಸ್ಮರಣೆಯ ಭಾಗವೆಂದು ಓದಬೇಕು ಎನ್ನುತ್ತೇನೆ.

ಒಳ್ಳೆಯ ಹೆಜ್ಜೆಗಳೂ ಬಿದ್ದಿವೆ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಸ್ವಾತಂತ್ರ್ಯಾನಂತರ ಮಡಿದ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಯೋಧರ ಹೆಸರನ್ನು ಒಂದೊಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ಸಿಪಾಯಿಗೂ ಅಧಿಕಾರಿಗೂ ಅಲ್ಲಿ ಒಂದೇ ಅಳತೆಯ ಕಲ್ಲು. ಬೆಂಗಳೂರಿನ ಸೈನಿಕ ಸ್ಮಾರಕದಲ್ಲೂ ಸಾವಿರಾರು ಹೆಸರುಗಳಿವೆ, ಜೊತೆಗೆ ಮುಗಿಲೆತ್ತರದ ಒಂದು ಕಲ್ಲಿಗೆ ವೀರಗಲ್ಲು ಎಂದೇ ಹೆಸರಿಟ್ಟಿದ್ದಾರೆ. ಹೆಸರಿಟ್ಟದ್ದು ಸಂತೋಷ. ಆದರೆ ಹಳೆಯ ವೀರಗಲ್ಲು ಸಾಮಾನ್ಯವಾಗಿ ಆಳೆತ್ತರ ಮೀರುತ್ತಿರಲಿಲ್ಲ, ಅದನ್ನು ನಿಂತು ಓದಬೇಕಿತ್ತು. ಅದು ಸತ್ತವನ ಊರಿನಲ್ಲೇ, ಅವನನ್ನು ಬಲ್ಲವರ ನಡುವೆಯೇ ನಿಲ್ಲುತ್ತಿತ್ತು. ರಾಜಧಾನಿಗಳಲ್ಲಿ ಹೆಸರುಗಳ ಗೋಡೆ ಎದ್ದಿದೆ. ಹೆಸರಿನ ಹಿಂದಿನ ಸಂಗತಿ ಊರಿಗೆ ಮರಳಬೇಕಿದೆ.

ಇದು ಲಕ್ಷಗಟ್ಟಲೆ ಜನರ ವಿಷಯದಲ್ಲಿ ಆಗದ ಮಾತು ಎನ್ನುವವರಿಗೆ ಲಾಹೋರಿನ ಉದಾಹರಣೆ ಇದೆ. ಮೊದಲ ಮಹಾಯುದ್ಧ ಮುಗಿದ ಕೂಡಲೇ ಪಂಜಾಬಿನ ಆಡಳಿತ ಹಳ್ಳಿವಾರು ಪಟ್ಟಿ ಮಾಡಿ, ಯಾವ ಊರಿನ ಯಾವ ಮನೆಯಿಂದ ಯಾರು ಯುದ್ಧಕ್ಕೆ ಹೋದರೆಂದು ಬರೆಸಿತ್ತು. ಸುಮಾರು 3,20,000 ಜನರ ಆ ದಾಖಲೆ ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಬಹುತೇಕ ಒಂದು ಶತಮಾನ ಮಲಗಿತ್ತು. ಬ್ರಿಟನ್ನಿನ ಪಂಜಾಬಿ ಸಂಶೋಧಕರು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆ ಸೇರಿ 2021ರಲ್ಲಿ ಅದರ ಒಂದು ಭಾಗವನ್ನು ಸಾರ್ವಜನಿಕರು ಹುಡುಕಿ ನೋಡುವಂತೆ ಮಾಡಿದರು. ಮುತ್ತಜ್ಜನ ಹೆಸರನ್ನು ಬೆರಳಚ್ಚಿಸಿದರೆ ಅವನ ಪಡೆ, ಅವನ ಸೇವೆ, ಅವನಿಗೆ ಬಿದ್ದ ಗಾಯ ತೆರೆದುಕೊಳ್ಳುತ್ತವೆ. ಮೈಸೂರು, ಮದ್ರಾಸು, ಮುಂಬಯಿ, ಹೈದರಾಬಾದ್, ಕೊಡಗು ಎಂದು ಅಂದು ಹಂಚಿಹೋಗಿದ್ದ ಕನ್ನಡದ ಹಳ್ಳಿಗಳಿಗೂ ಅಂಥ ಒಂದು ಪುಸ್ತಕ ಬೇಕು. ಅದಕ್ಕೆ ಬೇಕಾದ ಕೌಶಲ ನಮ್ಮಲ್ಲಿಲ್ಲ ಎನ್ನುವಂತಿಲ್ಲ. ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನೂ ಎತ್ತಿ ತೋರಿಸುತ್ತಿದೆ. ತಾಲ್ಲೂಕಿಗೊಂದು ಪಟ್ಟಿ, ಅದರಲ್ಲಿ ಹೆಸರು, ಊರು, ಪಡೆ, ಬಿದ್ದ ಜಾಗ, ಗೊತ್ತಿದ್ದಷ್ಟು ಕತೆ. ಅದರಲ್ಲಿ ಬೆಳಗಾವಿಯ ಬೆಟಾಲಿಯನ್ನುಗಳ ಪುಟ ತೆರೆದಾಗ ಬಸ್ರಾದ ಗೋಡೆಯ ಸಂಖ್ಯೆಯೊಂದು ಕರಗಿ, ಯಾವುದೋ ಹಳ್ಳಿಯ ಹುಡುಗನ ಹೆಸರು ಅಲ್ಲಿ ಮೂಡುತ್ತದೆ.